ಯಾರವಳು ನೀನು?

ಈಸ್ಟರ್ ಹಬ್ಬದ ದಿನ. ರೊಮೇನಿಯಾದ ಯಾಶ್ ನಗರದಿಂದ ಬಸ್ಸಿನಲ್ಲಿ ಒಂದು ಗಂಟೆ ದೂರದ ಹಳ್ಳಿ. ನಾನು ಬಾಡಿಗೆಗಿದ್ದ ಮನೆಯ ಒಡತಿ, ‘ಹಬ್ಬದ ದಿನ ಒಬ್ಬಳೇ ಕೂತು ಏನು ಮಾಡ್ತೀಯ’ ಅಂತ ತಮ್ಮ ತವರಿಗೆ ಕರೆದುಕೊಂಡು ಹೋಗಿದ್ದರು. ಆ ಕಡೆ ಪ್ರತಿ ಮನೆಯ ಗೇಟಿನ ಹೊರಗೂ ಒಂದು ಮರದ ಬೆಂಚು ಇರುತ್ತದೆ. ನಮ್ಮ ಜಗಲಿ ಮಾಡುವ ಕೆಲಸವನ್ನೇ ಅದು ಮಾಡುತ್ತದೆ. ಪಕ್ಕದ ಮನೆಯ ಅಜ್ಜಿ ತಲೆಗೆ ಬಟ್ಟೆ ಕಟ್ಟಿಕೊಂಡು ಅಲ್ಲಿ ಕೂತಿದ್ದರು. ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ ಕೇಳಿದರು: ‘ಆ ಕುಯ್ ಯೆಷ್ತಿ?’

ನನ್ನ ಕಿವಿಗೆ ಬಿದ್ದದ್ದು ‘ಎಷ್ಟು’. ವಯಸ್ಸು ಕೇಳುತ್ತಿದ್ದಾರೆ ಅಂದುಕೊಂಡು ‘ಮೂವತ್ತೊಂದು’ ಅಂತ ಅವರ ಭಾಷೆಯಲ್ಲೇ ಹೆಮ್ಮೆಯಿಂದ ಹೇಳಿದೆ. ಬೆಂಚಿನ ಮೇಲಿದ್ದವರೆಲ್ಲ ನಕ್ಕರು. ‘ಯೆಷ್ತಿ’ ಅಂದರೆ ‘ಇದ್ದೀಯ’ ಅಂತ ಪುಸ್ತಕದ ಮೊದಲ ಪಾಠದಲ್ಲೇ ಓದಿದ್ದೆ. ಆದರೆ ಗಾಬರಿಯಲ್ಲಿ ಕಿವಿ ಹುಟ್ಟಿದೂರಿಗೇ ಓಡುತ್ತದೆ. ಅಜ್ಜಿ ಕೇಳಿದ್ದು ‘ಯಾರವಳು ನೀನು’ ಅಂತ. ನಮ್ಮ ಮಂಡ್ಯ ಕಡೆ ಹಳ್ಳಿಗೆ ಹೋದರೆ ‘ಯಾರ ಮಗಳವ್ವ ನೀನು’ ಅಂತ ಕೇಳುತ್ತಾರಲ್ಲ, ಥೇಟ್ ಅದೇ. ನನಗಿಂತ ಮೊದಲೇ ಮನೆಯೊಡತಿ ಉತ್ತರ ಕೊಟ್ಟರು. ‘ಯೆ ಆ ಮ್ಯಾ.’ ನನ್ನವಳು.

ಊರಿನ ಹೆಸರಿನ ಬಗ್ಗೆ ಒಂದು ಮಾತು. ಕೆಲಸ ಸಿಕ್ಕಿದಾಗ ‘ಯಾಶ್‌ಗೆ ಹೋಗ್ತಿದೀನಿ’ ಅಂತ ಫೋನಿನಲ್ಲಿ ಹೇಳಿದ್ದಕ್ಕೆ ನಮ್ಮಮ್ಮ ‘ಯಶ್ ಮನೆಗಾ?’ ಅಂದಿದ್ದರು. ಸಿನಿಮಾ ನಟ ಅಲ್ಲ, ಊರು. ಒಂದು ಕಾಲದಲ್ಲಿ ಮೊಲ್ಡಾವಿಯಾ ಸಂಸ್ಥಾನದ ರಾಜಧಾನಿಯಾಗಿತ್ತು. ಈಗ ರೊಮೇನಿಯಾದ ಈಶಾನ್ಯ ಮೂಲೆಯ ದೊಡ್ಡ ನಗರ. ಕಾಲೇಜು ಜಾಸ್ತಿ, ಸಾಫ್ಟ್‌ವೇರ್ ಆಫೀಸುಗಳೂ ಜಾಸ್ತಿ. ನನ್ನನ್ನು ಅಲ್ಲಿಗೆ ಎಳೆದದ್ದು ಎರಡನೆಯದು.

ಆಫೀಸಿನಲ್ಲಿ ಇಂಗ್ಲಿಷ್ ಸಾಕಾಗುತ್ತಿತ್ತು. ತರಕಾರಿ ಅಂಗಡಿಯಲ್ಲಿ ಸಾಕಾಗುತ್ತಿರಲಿಲ್ಲ. ಹಾಗಾಗಿ ಒಂದು ಪುಸ್ತಕ ಕೊಂಡೆ, ಇಂಗ್ಲಿಷಿನ ಮೂಲಕ ರೊಮೇನಿಯನ್ ಕಲಿಸುವಂಥದ್ದು. ಅದರಲ್ಲಿ ‘ನನ್ನ’ ಅನ್ನುವುದಕ್ಕೆ ಒಂದು ಪಟ್ಟಿ ಇತ್ತು. ಮೆವ್, ಮ್ಯಾ, ಮೆಯ್, ಮೆಲೆ. ‘ನಿನ್ನ’ ಅನ್ನುವುದಕ್ಕೆ ಇನ್ನೊಂದು. ತವ್, ತಾ, ತಯ್, ತಾಲೆ. (‘ತವ್’ ನೋಡಿದ ಕೂಡಲೇ ಸಂಸ್ಕೃತದ ‘ತವ’ ನೆನಪಾಗುತ್ತದೆ. ಸುಮ್ನೆ ಹೋಲಿಕೆಯಲ್ಲ, ಇಬ್ಬರೂ ದೂರದ ನೆಂಟರೇ. ಲ್ಯಾಟಿನ್ ಕಡೆಯಿಂದ ಒಬ್ಬರು, ಸಂಸ್ಕೃತದ ಕಡೆಯಿಂದ ಇನ್ನೊಬ್ಬರು.) ಇಂಗ್ಲಿಷಿನಲ್ಲಿ ಒಂದೇ ಪದ ಸಾಕಿರುವ ಕಡೆ ಇವರಿಗೆ ನಾಲ್ಕು ಯಾಕೆ ಅಂತ ತಲೆ ಕೆಟ್ಟಿತು.

ನಿಯಮವೇನೋ ಸರಳ. ‘ನನ್ನ’ ಅನ್ನುವವಳು ಹೆಣ್ಣೋ ಗಂಡೋ ಅನ್ನುವುದು ಮುಖ್ಯವಲ್ಲ. ‘ನನ್ನ’ ಆದದ್ದು ಯಾವುದು ಅನ್ನುವುದು ಮುಖ್ಯ. ಅಣ್ಣನಾದರೆ ‘ಫ್ರಾತೆಲೆ ಮೆವ್’. ಅಕ್ಕನಾದರೆ ‘ಸೋರಾ ಮ್ಯಾ’. ಗೆಳೆಯರಾದರೆ ‘ಪ್ರಿಯೆತೆನಿ ಮೆಯ್’. ಗೆಳತಿಯರಾದರೆ ‘ಪ್ರಿಯೆತೆನೆಲೆ ಮೆಲೆ’. ಮನುಷ್ಯರ ವಿಷಯದಲ್ಲಿ ಇದು ಕಷ್ಟವಲ್ಲ. ಕಷ್ಟ ಇರುವುದು ವಸ್ತುಗಳಲ್ಲಿ. ನಮಗೆ ಮೇಜು, ಪುಸ್ತಕ, ಮರ ಎಲ್ಲವೂ ‘ಅದು’. ಅವರಿಗೆ ಮೇಜು ಹೆಣ್ಣು, ಪುಸ್ತಕ ಹೆಣ್ಣು, ಮರ ಗಂಡು. ಇದಕ್ಕೆ ಕಾರಣ ಕೇಳಬಾರದು. ನಾನು ಕೇಳಿದೆ. ಸಹೋದ್ಯೋಗಿಯೊಬ್ಬ ಹೆಗಲು ಕುಣಿಸಿ ಸುಮ್ಮನಾದ.

ಅದಕ್ಕಿಂತ ಮಜಾ ಅವರ ನಪುಂಸಕಲಿಂಗ. ಇಟಲಿ, ಫ್ರಾನ್ಸ್, ಸ್ಪೇನಿನ ಭಾಷೆಗಳು ಲ್ಯಾಟಿನ್‌ನಿಂದ ಬಂದರೂ ಎರಡೇ ಲಿಂಗ ಉಳಿಸಿಕೊಂಡಿವೆ. ರೊಮೇನಿಯನ್ನಿನಲ್ಲಿ ಮೂರು. ಆದರೆ ಮೂರನೆಯದಕ್ಕೆ ಸ್ವಂತ ಬಟ್ಟೆ ಇಲ್ಲ. ಒಂದಿದ್ದಾಗ ಗಂಡಿನ ಬಟ್ಟೆ, ಒಂದಕ್ಕಿಂತ ಹೆಚ್ಚಾದರೆ ಹೆಣ್ಣಿನ ಬಟ್ಟೆ. ಮೊಟ್ಟೆಯನ್ನೇ ತಗೊಳ್ಳಿ. ಒಂದು ಮೊಟ್ಟೆ ನನ್ನದಾದರೆ ‘ಓವುಲ್ ಮೆವ್’, ಗಂಡು. ಎರಡಾದ ಕೂಡಲೇ ‘ಓವಲೆ ಮೆಲೆ’, ಹೆಣ್ಣು. ಬುಟ್ಟಿಯೊಳಗೆ ಇನ್ನೊಂದು ಮೊಟ್ಟೆ ಇಟ್ಟರೆ ಮೊದಲನೆಯದರ ವೇಷವೂ ಬದಲಾಗುತ್ತದೆ.

ಉಚ್ಚಾರದಲ್ಲಿ ಮಾತ್ರ ಕನ್ನಡ ನನ್ನ ಕೈ ಹಿಡಿಯಿತು. ಅವರ ಲಿಪಿಯಲ್ಲಿ ತಲೆಯ ಮೇಲೆ ಪುಟ್ಟ ಬಟ್ಟಲು ಹೊತ್ತ ಒಂದು ಅಕ್ಷರ ಇದೆ. ಅದರ ಸದ್ದು ನಮ್ಮ ‘ಅ’ಕ್ಕೆ ತೀರಾ ಹತ್ತಿರ. ಬಟ್ಟಲಿಲ್ಲದ್ದು ‘ಆ’. ‘ಕಾಸ’ ಅಂದರೆ ಮನೆ, ಯಾವುದೋ ಒಂದು. ‘ಕಾಸಾ’ ಅಂದರೆ ಆ ಮನೆ, ಗೊತ್ತಿರುವ ಮನೆ. ಇಂಗ್ಲಿಷಿನಲ್ಲಿ ಹೆಸರಿನ ಮುಂದೆ ಬರುವ ‘ದ’ ಇಲ್ಲಿ ಹೆಸರಿನ ಬಾಲವಾಗಿ ಅಂಟಿಕೊಂಡಿದೆ. ಪಕ್ಕದ ಬಲ್ಗೇರಿಯನ್, ಅಲ್ಬೇನಿಯನ್ ಭಾಷೆಗಳಲ್ಲೂ ಹೀಗೇ. ನನ್ನ ಮನೆ ಅನ್ನಬೇಕಾದರೆ ಆ ಬಾಲ ಇರಲೇಬೇಕು: ‘ಕಾಸಾ ಮ್ಯಾ’. ಜೊತೆಗೆ ಕಲಿಯುತ್ತಿದ್ದ ಒಬ್ಬ ಇಂಗ್ಲಿಷಿನವನಿಗೆ ಕಾಸ, ಕಾಸಾ ಎರಡೂ ಒಂದೇ ಥರ ಕೇಳಿಸುತ್ತಿದ್ದವು. ಬಳೆಯೂ ಬಾಳೆಯೂ ಬೇರೆ ಅಂತ ಒಂದನೇ ಕ್ಲಾಸಿನಲ್ಲೇ ಕಲಿತ ನಮಗೆ ಅದು ದೊಡ್ಡದಲ್ಲ.

ನಿಜವಾದ ತಲೆನೋವು ಆಮೇಲೆ ಬಂತು. ಹೆಸರಿಗೆ ಆ ಬಾಲ ಇಲ್ಲದಿದ್ದರೆ, ಇಲ್ಲವೇ ಹೆಸರಿಗೂ ‘ನನ್ನ’ಕ್ಕೂ ಮಧ್ಯೆ ಬೇರೆ ಪದ ಬಂದರೆ, ಅಥವಾ ಹೆಸರೇ ಇಲ್ಲದೆ ಬರೀ ‘ನನ್ನದು’ ಅನ್ನಬೇಕಾದರೆ, ಒಂದು ಪುಟ್ಟ ಪದ ಜೊತೆಗೆ ಬರಬೇಕು. ಅದಕ್ಕೂ ನಾಲ್ಕು ರೂಪ. ಆಲ್ ಮೆವ್, ಆ ಮ್ಯಾ, ಆಯ್ ಮೆಯ್, ಆಲೆ ಮೆಲೆ. ನಾನು ಇದನ್ನು ಕಂಠಪಾಠ ಮಾಡಿದ್ದು ಹೀಗೆ: ಕೊನೆಯದು ಆಲೆಮನೆಯ ತಂಗಿ. ಬೆಲ್ಲದ ವಾಸನೆ ಬಂದರೆ ಬಹುವಚನ, ಹೆಣ್ಣು. ಮಿಕ್ಕ ಮೂರು ಮಾತ್ರ ಒಂದರ ಜಾಗಕ್ಕೆ ಒಂದು ಬಂದು ಕೂರುತ್ತಿದ್ದವು. ಪುಸ್ತಕದಲ್ಲಿ ಇಂಗ್ಲಿಷಿನ ಒಂದೇ ಪದಕ್ಕೆ ಬಾಣ ಹಾಕಿ ನಾಲ್ಕನ್ನೂ ತೋರಿಸಿದ್ದರು. ಬಾಣ ನೋಡಿ ನೋಡಿ ಏನೂ ಬರಲಿಲ್ಲ.

ಬಂದದ್ದು ಆ ಬೆಂಚಿನ ಹತ್ತಿರ. ‘ಯೆ ಆ ಮ್ಯಾ’ ಅಂದಾಗ ನನ್ನೊಳಗೆ ಮೊದಲು ಹೊಳೆದದ್ದು ಇಂಗ್ಲಿಷ್ ಪದವಲ್ಲ, ‘ನನ್ನವಳು’. ಆಮೇಲೆ ಮಿಕ್ಕವೂ ಬಂದು ಸಾಲಾಗಿ ನಿಂತವು. ಆಲ್ ಮೆವ್ ಅಂದರೆ ನನ್ನವನು. ಆ ಮ್ಯಾ ಅಂದರೆ ನನ್ನವಳು. ಆಯ್ ಮೆಯ್ ಅಂದರೆ ನನ್ನವರು. ನಾವೂ ‘ನನ್ನ’ ಆದವರು ಯಾರು ಅನ್ನುವುದನ್ನು ನೋಡಿಯೇ ಪದದ ಕೊನೆ ಬದಲಾಯಿಸುತ್ತೇವೆ. ನನ್ನದು, ನನ್ನವು ಅಂತ ಒಂದು ಹಲವು ಕೂಡ ಲೆಕ್ಕ ಇಡುತ್ತೇವೆ. ಇಷ್ಟು ದಿನ ಮನೆಯೊಳಗೇ ಇದ್ದ ಬೀಗದ ಕೈಯನ್ನು ಬೀದಿಯಲ್ಲಿ ಹುಡುಕಿದ್ದೆ ಅನಿಸಿತು. (ಸಿನಿಮಾ ಹಾಡಿನ ‘ನನ್ನವಳು’ ಬೇರೆ. ಅದನ್ನು ಮನೆಯೊಡತಿಗೆ ವಿವರಿಸಲು ಹೋಗಲಿಲ್ಲ.)

‘ಆಯ್ ಮೆಯ್’ ಅನ್ನುವುದನ್ನಂತೂ ಅವರು ಅಪ್ಪ ಅಮ್ಮಂದಿರಿಗೇ ಬಳಸುತ್ತಾರೆ. ಶುಕ್ರವಾರ ಸಂಜೆ ಆಫೀಸಿನಲ್ಲಿ ಅರ್ಧ ಜನ ‘ನನ್ನವರ ಹತ್ತಿರ ಹೋಗ್ತಿದೀನಿ’ ಅಂತಲೇ ಬ್ಯಾಗ್ ಹೆಗಲಿಗೇರಿಸುತ್ತಿದ್ದರು. ಊರಿಗೆ ಹೋಗುವುದು ಅಂತ ಅರ್ಥ. ನಮ್ಮಲ್ಲಿ ‘ನಮ್ಮೋರು’ ಅಂದರೆ ಕೆಲವೊಮ್ಮೆ ಊರಿನವರು, ಕೆಲವೊಮ್ಮೆ ಜಾತಿಯವರು. ‘ನಮ್ಮನೆಯವರು’ ಅಂದರೆ ಗಂಡ. ಎಲ್ಲ ಕಡೆಯೂ ಈ ಪದ ಸ್ವಲ್ಪ ಮುಚ್ಚಿಟ್ಟೇ ಮಾತಾಡುತ್ತದೆ.

ಯಾಶ್ ಕಡೆಯವರಿಗೆ ಇನ್ನೊಂದು ಅನುಕೂಲ ಇದೆ. ಮೊಲ್ಡಾವಿಯಾ ಭಾಗದ ಆಡುಮಾತಿನಲ್ಲಿ ಎಷ್ಟೋ ಸಲ ಆ ನಾಲ್ಕು ರೂಪಗಳ ಗೋಜೇ ಇರುವುದಿಲ್ಲ. ಗಂಡಿಗೂ ಹೆಣ್ಣಿಗೂ, ಒಂದಕ್ಕೂ ಹತ್ತಕ್ಕೂ ಬರೀ ‘ಆ’. ಆ ಮೆವ್, ಆ ಮೆಯ್, ಆ ಮೆಲೆ. ನಾನು ತಪ್ಪು ಮಾಡಿದರೂ ಹಳ್ಳಿಯವಳ ಹಾಗೆ ಮಾತಾಡುತ್ತಾಳೆ ಅಂತ ಖುಷಿಪಡುತ್ತಿದ್ದರು. ವ್ಯಾಕರಣದ ತಪ್ಪಿಗೆ ಶಹಭಾಸ್ ಸಿಕ್ಕಿದ್ದು ಜೀವನದಲ್ಲಿ ಅಲ್ಲೊಂದೇ ಕಡೆ.

ಈ ‘ಆ’ ಅಲ್ಲಿನ ಅಡ್ಡಹೆಸರುಗಳೊಳಗೂ ಹೋಗಿ ಕೂತಿದೆ. ಅಮಾರಿಯೆಯ್ ಅಂತ ಒಂದು ಅಡ್ಡಹೆಸರು. ಬಿಡಿಸಿದರೆ ‘ಆ ಮಾರಿಯೆಯ್’, ಮಾರಿಯಾಳ ಕಡೆಯವರು. ಅಯ್ವಾನೆಯ್ ಅಂದರೆ ಯ್ವಾನಾಳ ಕಡೆಯವರು. ಯಾರೋ ಒಬ್ಬ ತಾಯಿಯ, ಅಜ್ಜಿಯ ಹೆಸರು ಆ ಪುಟ್ಟ ಪದದ ಸಮೇತ ಗಟ್ಟಿಯಾಗಿ ಮನೆತನದ ಹೆಸರಾಗಿದೆ. ‘ಗೌರಮ್ಮನ ಮಗ’ ಅನ್ನುವುದು ಆಧಾರ್ ಕಾರ್ಡಿಗೆ ಏರಿದ ಹಾಗೆ. ಬೆಂಚಿನ ಮೇಲೆ ಕೂತು ‘ಯಾರವಳು’ ಅಂತ ಕೇಳಿದವರಿಗೆ ಹಿಂದೆ ಕೊಟ್ಟ ಉತ್ತರವೇ ಇವತ್ತಿನ ಸಹಿ.

ಗಂಡಸರ ಹೆಸರಿಗೆ ಬೇರೆ ದಾರಿ. ಹೆಸರಿನ ಕೊನೆ ಮುಟ್ಟುವುದಿಲ್ಲ, ಮುಂದೆ ‘ಲುಯ್’ ಅಂತ ಹಾಕಿಬಿಡುತ್ತಾರೆ. ಯಾಶ್‌ನ ಕೊಪೋವ್ ಪಾರ್ಕಿನಲ್ಲಿ ಒಂದು ಮುದಿ ಲಿಂಡನ್ ಮರ ಇದೆ. ಊರುಗೋಲು ಕೊಟ್ಟು ನಿಲ್ಲಿಸಿದ್ದಾರೆ. ಹೆಸರು ‘ತೆಯುಲ್ ಲುಯ್ ಎಮಿನೆಸ್ಕು’, ಎಮಿನೆಸ್ಕುವಿನ ಲಿಂಡನ್. ಮಿಹಾಯ್ ಎಮಿನೆಸ್ಕು ಅವರ ದೊಡ್ಡ ಕವಿ, 19ನೇ ಶತಮಾನದವರು. ಕವಿ ಅದನ್ನು ನೆಟ್ಟವರೂ ಅಲ್ಲ, ಕೊಂಡವರೂ ಅಲ್ಲ. ಅದರ ಕೆಳಗೆ ಕೂರುತ್ತಿದ್ದರು ಅನ್ನುತ್ತಾರೆ, ಅಷ್ಟೇ. ಷಷ್ಠಿ ವಿಭಕ್ತಿ ಒಂದು ಮರವನ್ನು ಬರೆದುಕೊಡಲು ಅಷ್ಟು ಸಾಕು.

ಇನ್ನು ಬೀಗದ ಕೈ ವಿಷಯಕ್ಕೆ ಬರುತ್ತೇನೆ, ಯಾಕಂದರೆ ಅದು ನಿಜವಾಗಿಯೂ ಕಳೆದುಹೋಯಿತು. ಚಳಿಗಾಲ, ರಾತ್ರಿ ಎಂಟು, ಹೊರಗೆ ಹಿಮ. ಮನೆಯೊಡತಿಯ ಬಾಗಿಲು ತಟ್ಟಿ, ಪುಸ್ತಕದಲ್ಲಿ ಕಲಿತಂತೆ ಒಂದೊಂದೇ ಪದ ಜೋಡಿಸಿದೆ. ‘ಆಮ್ ಪ್ಯೆರ್ದುತ್ ಕೆಯ್ಲೆ ಮೆಲೆ.’ ನಾನು ನನ್ನ ಕೀಗಳನ್ನು ಕಳೆದೆ. ‘ಮೆಲೆ’ ಸರಿಯಾಗಿ ಹಾಕಿದ್ದಕ್ಕೆ ಆ ಚಳಿಯಲ್ಲೂ ಒಳಗೊಳಗೇ ಬೀಗುತ್ತಿದ್ದೆ. ಅವರು ನನ್ನನ್ನು ಒಳಗೆಳೆದುಕೊಂಡು, ಹಿಮ ಕೊಡವಿ, ಆಮೇಲೆ ತಿದ್ದಿದರು. ‘ಮ್ಯಾಮ್ ಪ್ಯೆರ್ದುತ್ ಕೆಯ್ಲೆ’ ಅನ್ನಬೇಕು. ‘ಮೆಲೆ’ ಬೇಡ. ನಿನ್ನದಲ್ಲದೆ ಪಕ್ಕದ ಮನೆಯವರದ್ದು ಕಳೀತೀಯಾ?

ಆ ‘ಮ್ಯಾಮ್’ ಒಳಗೆ ‘ಮಿ’ ಅಂತ ಇದೆ, ‘ನನಗೆ’ ಅನ್ನುವ ಅರ್ಥದ್ದು. ಪದಪದವಾಗಿ ಬಿಡಿಸಿದರೆ ‘ನನಗೆ ಕಳೆದೆ ಕೀಗಳನ್ನು’. ಇದೆಂಥ ಮಾತು ಅಂದುಕೊಂಡೆ. ಅದೇ ರಾತ್ರಿ ಅಮ್ಮನಿಗೆ ಫೋನ್ ಮಾಡಿ ‘ಇವತ್ತು ಕೀ ಕಳ್ಕೊಂಡೆ’ ಅಂದೆ. ಅಂದ ಮೇಲೆ ಬಾಯಿ ಕಟ್ಟಿತು. ನಾನೆಲ್ಲಿ ‘ನನ್ನ’ ಅಂದೆ? ಕನ್ನಡದಲ್ಲಿ ‘ಕೊಂಡೆ’ ಅನ್ನುವುದೇ ಆ ಕೆಲಸ ಮಾಡಿತ್ತು. ಕಳೆದೆ ಬೇರೆ, ಕಳೆದುಕೊಂಡೆ ಬೇರೆ. ‘ಕೈ ತೊಳ್ಕೊ’ ಅನ್ನುತ್ತೇವೆ, ‘ನಿನ್ನ ಕೈ ತೊಳಿ’ ಅನ್ನುವುದಿಲ್ಲ. ‘ತಲೆ ಬಾಚ್ಕೊ’, ‘ಚಪ್ಪಲಿ ಹಾಕ್ಕೊ’. ಯಾರ ತಲೆ, ಯಾರ ಚಪ್ಪಲಿ ಅಂತ ಯಾರೂ ಕೇಳುವುದಿಲ್ಲ. ನಾವು ಕ್ರಿಯಾಪದದ ಬೆನ್ನಿಗೆ ‘ಕೊಳ್ಳು’ ಕಟ್ಟುತ್ತೇವೆ, ಅವರು ಅದರ ಮುಂದೆ ‘ಮಿ’, ‘ಇತ್ಸ್’, ‘ಇಷ್’ ಕಟ್ಟುತ್ತಾರೆ. ಜಾಗ ಬೇರೆ, ಉಪಾಯ ಒಂದೇ.

ಔಷಧಿ ಅಂಗಡಿಯಲ್ಲೂ ಇದೇ ಕತೆ. ‘ಕಾಪುಲ್ ಮೆವ್ ದ್ವಾರೆ’, ನನ್ನ ತಲೆ ನೋಯುತ್ತದೆ ಅಂದೆ. ಕೌಂಟರಿನಾಕೆ ಮಾತ್ರೆ ಕೊಡುತ್ತಾ ಮೆಲ್ಲಗೆ ‘ವ ದ್ವಾರೆ ಕಾಪುಲ್’ ಅಂದರು. ನಿಮ್ಮನ್ನು ತಲೆ ನೋಯಿಸುತ್ತಿದೆ ಅನ್ನುವ ಹಾಗೆ. ಅಲ್ಲೂ ‘ನನ್ನ’ ಇಲ್ಲ. ಹಸಿವಾದರೆ ‘ಮ್ಯೆ ಫ್ವಾಮೆ’, ನನಗೆ ಹಸಿವು. ಬಾಯಾರಿದರೆ ‘ಮ್ಯೆ ಸೆತೆ’, ನನಗೆ ಬಾಯಾರಿಕೆ. ನಿದ್ದೆ, ಭಯ, ನಾಚಿಕೆ ಎಲ್ಲವೂ ಹೀಗೆಯೇ, ನಮ್ಮ ಚತುರ್ಥಿಯ ದಾರಿಯಲ್ಲೇ ಬರುತ್ತವೆ. ನಾನು ಮಾಡಿದ್ದ ತಪ್ಪೆಲ್ಲ ಒಂದೇ ಜಾತಿಯದು. ಕನ್ನಡದಲ್ಲಿ ಯೋಚಿಸಿದ್ದನ್ನು ಇಂಗ್ಲಿಷಿಗೆ ಮಾಡಿ, ಇಂಗ್ಲಿಷಿನಿಂದ ರೊಮೇನಿಯನ್ನಿಗೆ ಮಾಡುತ್ತಿದ್ದೆ. ಮಧ್ಯದ ಸ್ಟಾಪಿನಲ್ಲಿ ಎಲ್ಲದಕ್ಕೂ ಒಂದೊಂದು ‘ನನ್ನ’ ಹತ್ತಿಕೊಳ್ಳುತ್ತಿತ್ತು.

ಆದರೆ ನೇರವಾಗಿ ಹೋದರೂ ಎಡವುವ ಜಾಗ ಇದೆ. ಒಮ್ಮೆ ಆಫೀಸಿನಲ್ಲಿ ‘ನಮ್ಮಮ್ಮ’ ಅನ್ನುವುದನ್ನು ಹಾಗೇ ಎತ್ತಿ ‘ಮಾಮಾ ನ್ವಾಸ್ತ್ರ’ ಅಂದೆ. (ಅಲ್ಲಿ ಮಾಮಾ ಅಂದರೆ ಅಮ್ಮ. ಇದನ್ನು ಕೇಳಿ ನಮ್ಮ ಸೋದರಮಾವ ನಕ್ಕಿದ್ದೇ ನಕ್ಕಿದ್ದು.) ಎದುರಿಗಿದ್ದವಳು ‘ನೀವು ಎಷ್ಟು ಜನ ಮಕ್ಕಳು?’ ಅಂದಳು. ನಾನೊಬ್ಬಳೇ. ಒಬ್ಬಳೇ ಮಗಳು ‘ನಮ್ಮ’ ಅಮ್ಮ ಅಂದರೆ ಅವರಿಗೆ ಲೆಕ್ಕ ಸಿಗುವುದಿಲ್ಲ. ‘ನನ್ನಮ್ಮ’ ಅಂದರೆ ಏನೋ ಕಿತ್ತುಕೊಂಡು ಬಂದ ಹಾಗೆ ನಮಗೆ ಕೇಳಿಸುತ್ತದೆ, ಅಲ್ವಾ? ಅವರು ‘ಮಾಯ್ಕ-ಮ್ಯಾ’, ‘ಸೋರ-ಮ್ಯಾ’, ‘ಫ್ರಾತೆ-ಮೆವ್’ ಅಂತ ಅಮ್ಮನನ್ನೂ ಅಕ್ಕನನ್ನೂ ಅಣ್ಣನನ್ನೂ ‘ನನ್ನ’ದ ಜೊತೆ ಅಂಟಿಸಿ ಒಂದೇ ಪದ ಮಾಡುತ್ತಾರೆ. ಹೀಗೆ ಅಂಟುವುದು ಹೆಚ್ಚಾಗಿ ನೆಂಟರೇ. ನನ್ನ ಮನೆ, ನನ್ನ ಪುಸ್ತಕ ಹಾಗೆ ಅಂಟುವುದಿಲ್ಲ. ಮನೆಮಾತಿನ ಸಲಿಗೆಯ ರೂಪ ಇದು, ಅರ್ಜಿಯಲ್ಲಿ ಬರೆಯುವಂಥದ್ದಲ್ಲ. ‘ನಮ್ಮಮ್ಮ’, ‘ನಮ್ಮಣ್ಣ’ ಸಂಧಿಯಾಗಿ ಒಂದಾಗುವುದಕ್ಕೂ ಇದಕ್ಕೂ ಹೊಂದಿಕೆ ಕಂಡೆ. ನಾವು ಅಂಟಿಸುವುದು ಮುಂದೆ, ಅವರು ಹಿಂದೆ.

ಒಂದು ಕಡೆ ಕನ್ನಡ ಗೆದ್ದಿದೆ ಅಂತ ನನ್ನ ಅಭಿಪ್ರಾಯ. ‘ರಾಜು ತನ್ನ ಅಣ್ಣನ ಜೊತೆ ಬಂದ’ ಅಂದರೆ ರಾಜುವಿನ ಅಣ್ಣ. ‘ಅವನ ಅಣ್ಣನ ಜೊತೆ’ ಅಂದರೆ ಬೇರೆ ಯಾರದೋ ಅಣ್ಣ ಇರಬಹುದು. ಲ್ಯಾಟಿನ್ನಿನಲ್ಲೂ ಈ ‘ತನ್ನ’ ಇತ್ತು. ಅದರ ಮೊಮ್ಮಗ ರೊಮೇನಿಯನ್ನಿನ ‘ಸವ್’. ಆದರೆ ಮೊಮ್ಮಗ ಅಜ್ಜನಷ್ಟು ಕಟ್ಟುನಿಟ್ಟಲ್ಲ. ತನ್ನ ಅನ್ನುವುದಕ್ಕೂ ಅವನ, ಅವಳ ಅನ್ನುವುದಕ್ಕೂ ನಡೆಯುತ್ತದೆ. ಮೇಲಾಗಿ ಸವ್ ಕೂಡ ವಸ್ತುವಿನ ಲಿಂಗವನ್ನೇ ನೋಡುವುದರಿಂದ ‘ಕಾರ್ತ್ಯಾ ಸಾ’ ಅಂದರೆ ಅವನ ಪುಸ್ತಕವೋ ಅವಳ ಪುಸ್ತಕವೋ ತಿಳಿಯುವುದಿಲ್ಲ. ಅದಕ್ಕೇ ಮಾತಿನಲ್ಲಿ ಹೆಚ್ಚಾಗಿ ‘ಲುಯ್’, ‘ಯೆಯ್’ ಅಂತಾರೆ. ಅವನ, ಅವಳ. ‘ಸವ್’ ಪತ್ರಿಕೆಗೆ, ಭಾಷಣಕ್ಕೆ.

ಮರ್ಯಾದೆಯ ಮಾತಿನೊಳಗೂ ಒಂದು ‘ನಿಮ್ಮ’ ಅಡಗಿದೆ. ಗೊತ್ತಿಲ್ಲದವರಿಗೆ, ಹಿರಿಯರಿಗೆ ‘ದುಮ್ನ್ಯಾವ್ವಾಸ್ತ್ರ’ ಅನ್ನಬೇಕು. ನಾಲಿಗೆ ತಿರುಗಲು ನನಗೆ ಒಂದು ತಿಂಗಳು ಬೇಕಾಯಿತು. ಅದು ‘ದೊಮ್ನಿಯಾ ವ್ವಾಸ್ತ್ರ’, ನಿಮ್ಮ ದೊರೆತನ, ಅನ್ನುವುದು ಸವೆದು ಆದದ್ದು. ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ ‘ದುಮ್ನ್ಯಾತಾ’, ನಿನ್ನ ದೊರೆತನ. ರೊಮೇನಿಯನ್ ಭಾಷೆಯಲ್ಲಿ ತಾರೀಖು ಗೊತ್ತುಮಾಡಬಹುದಾದ ಅತಿ ಹಳೆಯ ಬರಹ 1521ರದು. ಕಿಂಪುಲುಂಗ್ ಊರಿನ ನ್ಯಾಕ್ಷು ಅನ್ನುವವನು ಬ್ರಶೋವ್ ನಗರದ ಮುಖ್ಯಸ್ಥ ಹಾನ್ಸ್ ಬೆಂಕ್ನರ್‌ಗೆ ಬರೆದ ಕಾಗದ. ತುರ್ಕರ ಸೈನ್ಯ ಹೊರಟಿದೆ, ಹುಷಾರು ಅನ್ನುವ ಸುದ್ದಿ. ಆಗಿನ್ನೂ ಸಿರಿಲಿಕ್ ಲಿಪಿ. ಅಷ್ಟು ಅವಸರದ ಕಾಗದದಲ್ಲೂ ಅವನು ‘ನಿನಗೆ ತಿಳಿಸುತ್ತೇನೆ’ ಅನ್ನುವುದಿಲ್ಲ, ‘ನಿನ್ನ ದೊರೆತನಕ್ಕೆ ತಿಳಿಸುತ್ತೇನೆ’ ಅನ್ನುತ್ತಾನೆ. ‘ತಮ್ಮ ಸನ್ನಿಧಾನಕ್ಕೆ ಅರಿಕೆ’ ಅನ್ನುವ ನಮ್ಮ ಹಳೇ ಅರ್ಜಿಗಳ ವರಸೆ.

ಯಾಶ್‌ನಿಂದ ಸ್ವಲ್ಪ ದೂರ ಪೂರ್ವಕ್ಕೆ ಹೋದರೆ ಪ್ರುತ್ ನದಿ. ಅದರಾಚೆ ಮೊಲ್ಡೋವಾ, ಬೇರೆ ದೇಶ, ಅದೇ ಮಾತು. ಸೋವಿಯೆತ್ ಕಾಲದಲ್ಲಿ ಅಲ್ಲಿ ಸಿರಿಲಿಕ್ ಲಿಪಿ ಹೇರಿದ್ದರು, ಭಾಷೆಯನ್ನು ಮೊಲ್ಡೋವನ್ ಅನ್ನುತ್ತಿದ್ದರು. 1989ರ ಆಗಸ್ಟ್ 31ರಂದು ಲ್ಯಾಟಿನ್ ಲಿಪಿ ವಾಪಸ್ ಬಂತು. ಆ ದಿನ ಈಗ ಹಬ್ಬ. ಭಾಷೆಯನ್ನು ರೊಮೇನಿಯನ್ ಅನ್ನಬೇಕೋ ಮೊಲ್ಡೋವನ್ ಅನ್ನಬೇಕೋ ಅಂತ ವರ್ಷಗಟ್ಟಲೆ ಜಗಳ ನಡೆಯಿತು. ಕೊನೆಗೆ 2023ರ ಮಾರ್ಚಿನಲ್ಲಿ ಸಂಸತ್ತು ಕಾನೂನುಗಳಲ್ಲೆಲ್ಲ ರೊಮೇನಿಯನ್ ಅಂತ ತಿದ್ದಿತು. ಹಬ್ಬದ ಹೆಸರು ಮಾತ್ರ ಬಹುಕಾಲ ‘ಲಿಂಬಾ ನ್ವಾಸ್ತ್ರ’ ಆಗಿತ್ತು. ನಮ್ಮ ಭಾಷೆ. ಎರಡು ಪಕ್ಷದವರೂ ಬಾಯಿ ತುಂಬ ಹೇಳಬಹುದಾದ ಹೆಸರು. ರಾಷ್ಟ್ರಗೀತೆಯ ಹೆಸರೂ ಅದೇ.

ಮುಂದಿನ ವರ್ಷದ ಈಸ್ಟರಿಗೆ ಮತ್ತೆ ಆ ಹಳ್ಳಿಗೆ ಹೋದೆ. ಅದೇ ಬೆಂಚು, ಅದೇ ಅಜ್ಜಿ. ನನ್ನ ನೆನಪು ಅವರಿಗಿರಲಿಲ್ಲ. ಮತ್ತೆ ಅದೇ ಪ್ರಶ್ನೆ, ‘ಆ ಕುಯ್ ಯೆಷ್ತಿ?’ ಈ ಸಲ ಮನೆಯೊಡತಿಯ ಕಡೆ ಕೈ ತೋರಿಸಿ ‘ಇವರವಳು’ ಅಂದೆ, ‘ಆ’ ಸೇರಿಸಿ, ಮರ್ಯಾದೆ ಸೇರಿಸಿ. ಅಜ್ಜಿ ತಲೆ ಅಲ್ಲಾಡಿಸಿದರು. ‘ಮತ್ತೆ ನಿನ್ನವರು? ಇದ್ದಾರಾ?’ ಅಂತ ಕೇಳಿದರು. ಇದ್ದಾರೆ, ದೂರ, ಇಂಡಿಯಾದಲ್ಲಿ ಅಂದೆ. ಸೆರಗಿನ ಹಾಗೆ ಮಡಚಿ ಹಿಡಿದಿದ್ದ ಏಪ್ರನ್‌ನಿಂದ ಒಂದು ಕೆಂಪು ಮೊಟ್ಟೆ ತೆಗೆದು ನನ್ನ ಕೈಗಿಟ್ಟು ‘ಆಲ್ ತವ್’ ಅಂದರು. ನಿನ್ನದು. ನಾವು ಬಸ್ಸಿಗೆ ಹೊರಟಾಗ ಹಿಂದಿನಿಂದ ಕೂಗಿ ನಿಲ್ಲಿಸಿ, ಮನೆಯವರಿಗೆ ಅಂತ ಇನ್ನೆರಡು ತಂದು ನನ್ನ ಚೀಲಕ್ಕೆ ಹಾಕಿದರು. ಮಂಡ್ಯ ಎಷ್ಟು ದೂರ ಅಂತ ಅವರಿಗೆ ಹೇಳಲು ಹೋಗಲಿಲ್ಲ. ಚೀಲದ ಬಾಯಿ ಗಂಟು ಹಾಕುತ್ತಾ ಅವರು ಈಗ ಹೇಳಿದ್ದು ‘ಆಲೆ ತಾಲೆ’.